ದರಖಾಸ್ತು ಭೂಮಿಯ ಕ್ರಯಪತ್ರಗಳು: ಮುದ್ರೆ ಬಿದ್ದ ಕಾಗದ, ಮುಗಿಯದ ವ್ಯಾಜ್ಯ

ಸಬ್‌ರಿಜಿಸ್ಟ್ರಾರರ ಕಛೇರಿಯ ಮುದ್ರೆ ಬಿದ್ದ ಕಾಗದವು ಕೈಸೇರಿದ ಕೂಡಲೇ ಭೂಮಿಯು ತನ್ನದಾಯಿತೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಸ್ಟಾಂಪಿನ ಹಣ ಕಟ್ಟಿಯಾಯಿತು, ಸಾಕ್ಷಿಗಳು ರುಜು ಹಾಕಿದರು, ಹೆಬ್ಬೆಟ್ಟಿನ ಗುರುತೂ ಬಿದ್ದಿತು, ಇನ್ನೇನು ಬೇಕು? ಆದರೆ ಹೀಗೆ ನೋಂದಣಿಯಾದ ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಇಪ್ಪತ್ತು ಮೂವತ್ತು ವರ್ಷ ಉತ್ತು ಬಿತ್ತಿದವನಿಗೆ ಒಂದು ದಿನ ಉಪವಿಭಾಗಾಧಿಕಾರಿಯವರ ಕಛೇರಿಯಿಂದ ನೋಟೀಸು ಬರುತ್ತದೆ. ಆ ಭೂಮಿಯು ಪರಿಶಿಷ್ಟ ಜಾತಿಯ ಬಡವನೊಬ್ಬನಿಗೆ ಸರ್ಕಾರವು ಮಂಜೂರು ಮಾಡಿದ್ದೆಂದೂ, ಅದನ್ನು ಪರಭಾರೆ ಮಾಡಲು ಅವನಿಗೆ ಅಧಿಕಾರವಿರಲಿಲ್ಲವೆಂದೂ, ಆದುದರಿಂದ ಆ ಕ್ರಯವು ಹುಟ್ಟಿದ ದಿನದಿಂದಲೇ ಶೂನ್ಯವೆಂದೂ ಆ ನೋಟೀಸಿನಲ್ಲಿ ಕಾಣಿಸಿರುತ್ತದೆ. ಅಂದಿನಿಂದ ಮಾರಿದವನ ಮೊಮ್ಮಕ್ಕಳು ಒಂದು ಕಡೆ, ಕೊಂಡವನ ಮೊಮ್ಮಕ್ಕಳು ಇನ್ನೊಂದು ಕಡೆ ನಿಂತು, ಉಪವಿಭಾಗದಿಂದ ಜಿಲ್ಲೆಗೆ, ಜಿಲ್ಲೆಯಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ ಅಲೆಯಲಾರಂಭಿಸುತ್ತಾರೆ. ಎರಡೆಕರೆ ಹೊಲದ ಬೆಲೆಯು ವಕೀಲರ ಫೀಜಿನಲ್ಲಿಯೂ ಬಸ್ಸಿನ ಚಾರ್ಜಿನಲ್ಲಿಯೂ ಕರಗಿಹೋಗುತ್ತದೆ.

ಈ ವ್ಯಾಜ್ಯಗಳು ನಮ್ಮ ನಾಡಿನ ಕೋರ್ಟುಗಳಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ನಡೆಯುತ್ತಿವೆ. ಇವುಗಳ ಮೂಲದಲ್ಲಿರುವ ಕಾನೂನು ಬಡವರ ಹಿತಕ್ಕಾಗಿ ಹುಟ್ಟಿದುದು. ಅದರ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಉದ್ದೇಶವು ಎಷ್ಟೇ ಉದಾತ್ತವಾಗಿದ್ದರೂ, ಅದನ್ನು ನಡೆಯಿಸುವ ಕಛೇರಿಗಳು ಕರ್ತವ್ಯದಲ್ಲಿ ತಪ್ಪಿದರೆ ಅದರ ಫಲವು ಬಡವನಿಗೂ ಸಿಕ್ಕದೆ, ಪ್ರಾಮಾಣಿಕನಿಗೂ ಉಳಿಯದೆ ಹೋಗುತ್ತದೆ. ಆದುದರಿಂದ ಈ ವಿಷಯವನ್ನು ಮೊದಲಿನಿಂದ ವಿಚಾರಿಸಿ, ದೋಷವು ಎಲ್ಲಿದೆಯೆಂಬುದನ್ನು ನಮ್ಮ ವಾಚಕರ ಮುಂದಿಡುವುದು ಯುಕ್ತವೆಂದು ಭಾವಿಸುತ್ತೇವೆ.

ಭೂಮಿಯು ಬಂದ ಬಗೆ

ಹಿಂದಿನ ಮೈಸೂರು ಸಂಸ್ಥಾನದ ಭೂಕಂದಾಯ ನಿಯಮಗಳಲ್ಲಿಯೇ ಸರ್ಕಾರದ ಖರಾಬು ಮತ್ತು ಬೀಳು ಭೂಮಿಗಳನ್ನು ದರಖಾಸ್ತಿನ ಮೇಲೆ ಭೂಹೀನರಿಗೆ ಕೊಡುವ ಪದ್ಧತಿಯಿದ್ದಿತು. ಅಂದು ದಲಿತ ವರ್ಗದವರೆಂದು ಕರೆಯಲ್ಪಡುತ್ತಿದ್ದವರಿಗೆ ಬೆಲೆಯಿಲ್ಲದೆಯೋ, ಹರಾಜಿನ ಮೂಲಬೆಲೆಯಲ್ಲಿ ಕಡಿತ ಮಾಡಿಯೋ ಭೂಮಿಯನ್ನು ಕೊಡಲಾಗುತ್ತಿದ್ದಿತು. ಹೀಗೆ ಕೊಡುವಾಗ ಸಾಗುವಳಿ ಚೀಟಿಯೊಂದಿಗೆ ಒಂದು ಷರತ್ತೂ ಸೇರಿರುತ್ತಿದ್ದಿತು: ಮಂಜೂರುದಾರನು ಆ ಭೂಮಿಯನ್ನು ಪರಭಾರೆ ಮಾಡತಕ್ಕುದಲ್ಲ. ಇದಕ್ಕೆ ಒಪ್ಪಿ ಅವನು ಮುಚ್ಚಳಿಕೆ ಬರೆದುಕೊಡಬೇಕಾಗಿದ್ದಿತು. ನಿಯಮಗಳು ಕಾಲಕಾಲಕ್ಕೆ ಬದಲಾದವು. ಕೆಲವು ಕಾಲದ ಮಂಜೂರಾತಿಗಳಲ್ಲಿ ಈ ನಿರ್ಬಂಧವು ಶಾಶ್ವತವಾಗಿದ್ದಿತು. ಇನ್ನು ಕೆಲವು ಕಾಲದಲ್ಲಿ ನಿಯತವಾದ ಇಷ್ಟು ವರ್ಷಗಳವರೆಗೆ ಎಂದಿದ್ದಿತು. ೧೯೬೯ರ ಭೂಮಂಜೂರಾತಿ ನಿಯಮಗಳಲ್ಲಿ ಮೊದಲು ಈ ಅವಧಿಯನ್ನು ೧೫ ವರ್ಷವೆಂದು ಇಟ್ಟಿದ್ದರು.

ಈ ಷರತ್ತನ್ನು ಏಕೆ ಹಾಕಿದರು? ಭೂಮಿಯನ್ನು ಕೊಟ್ಟ ಮಾತ್ರಕ್ಕೆ ಬಡತನವು ಹೋಗುವುದಿಲ್ಲ. ಕೊಟ್ಟುದು ಬಹುಮಟ್ಟಿಗೆ ಕಲ್ಲುಮುಳ್ಳುಗಳ ನೆಲ. ಎತ್ತಿಲ್ಲ, ಬೀಜಕ್ಕೆ ಹಣವಿಲ್ಲ, ಬಾವಿಯ ಮಾತೇ ಇಲ್ಲ. ಮಗಳ ಮದುವೆಯೊಂದು ಬಂದರೆ, ಮನೆಯ ಯಜಮಾನನು ಹಾಸಿಗೆ ಹಿಡಿದರೆ, ಒಂದು ವರ್ಷ ಮಳೆ ಕೈಕೊಟ್ಟರೆ, ಸಾಲಕ್ಕೆಂದು ಯಾರ ಮನೆಯ ಬಾಗಿಲಿಗೆ ಹೋಗಬೇಕೋ ಅವನ ಕಣ್ಣು ಆ ಭೂಮಿಯ ಮೇಲೆಯೇ ಇರುತ್ತಿದ್ದಿತು. ಮೊದಲು ಕೈಗಡ, ಆಮೇಲೆ ಭೋಗ್ಯ, ಕೊನೆಗೆ ಕ್ರಯ. ಇದು ಹಳ್ಳಿಯನ್ನು ಬಲ್ಲವರೆಲ್ಲರೂ ಕಂಡ ಮೆಟ್ಟಿಲುಗಳು. ಕೊಟ್ಟ ಭೂಮಿಯು ಮರಳಿ ಉಳ್ಳವರ ಕೈಗೆ ಸೇರದಿರಲೆಂದೇ ಸರ್ಕಾರವು ಆ ಬೇಲಿಯನ್ನು ಹಾಕಿತು. ಆದರೆ ಬೇಲಿಯು ಕಾಗದದ ಮೇಲಿತ್ತು, ಭೂಮಿಯು ಬಯಲಿನಲ್ಲಿತ್ತು.

ನೋಂದಣಿಯೆಂದರೆ ಏನು?

ಇಲ್ಲಿ ಸಾಮಾನ್ಯ ಜನರ ತಪ್ಪು ತಿಳಿವಳಿಕೆಯೊಂದನ್ನು ತಿದ್ದಬೇಕಾಗಿದೆ. ೧೯೦೮ರ ನೋಂದಣಿ ಕಾನೂನಿನ ಪ್ರಕಾರ ನೋಂದಣಿ ಅಧಿಕಾರಿಯು ಮುಖ್ಯವಾಗಿ ನೋಡುವುದು ಇಷ್ಟೇ: ಪತ್ರವನ್ನು ಬರೆದುಕೊಟ್ಟವನು ಇವನೇ ಹೌದೇ, ತಾನು ಬರೆದುಕೊಟ್ಟುದನ್ನು ಅವನು ಒಪ್ಪುತ್ತಾನೆಯೇ, ಸ್ಟಾಂಪು ಸರಿಯಾಗಿದೆಯೇ ಎಂಬುದು. ಮಾರುವವನಿಗೆ ಆ ಭೂಮಿಯ ಮೇಲೆ ಹಕ್ಕಿದೆಯೇ ಇಲ್ಲವೇ ಎಂದು ತೀರ್ಪು ಕೊಡುವ ನ್ಯಾಯಾಧೀಶನು ಅವನಲ್ಲ. ಇಲ್ಲದ ಹಕ್ಕನ್ನು ಮುದ್ರೆಯು ಸೃಷ್ಟಿಸಲಾರದು. ಈ ತತ್ತ್ವವನ್ನು ಸುಪ್ರೀಂ ಕೋರ್ಟು ೨೦೨೫ರ ಏಪ್ರಿಲಿನಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾರುವವನು ತನ್ನ ಹಿಂದಿನ ಹಕ್ಕುಪತ್ರವನ್ನು ಹಾಜರುಪಡಿಸದಿದ್ದರೆ ನೋಂದಣಿಯನ್ನೇ ನಿರಾಕರಿಸಬಹುದೆಂದು ಆ ರಾಜ್ಯವು ಮಾಡಿದ್ದ ನಿಯಮವನ್ನು, ಅದು ಮೂಲ ಕಾನೂನಿಗೆ ವಿರುದ್ಧವೆಂದು ರದ್ದುಪಡಿಸಿತು. ಅದಕ್ಕೂ ಮೊದಲು ೨೦೦೫ರಲ್ಲಿ, ಸಾರ್ವಜನಿಕ ನೀತಿಗೆ ವಿರುದ್ಧವಾದ ಪತ್ರಗಳು ಯಾವುವೆಂದು ಸರ್ಕಾರವೇ ಗೊತ್ತುಪಡಿಸಿ ನೋಂದಣಿಯನ್ನು ತಡೆಯಬಹುದೆಂಬ ರಾಜಸ್ಥಾನದ ತಿದ್ದುಪಡಿಯೂ ಅದೇ ನ್ಯಾಯಸ್ಥಾನದಲ್ಲಿ ಬಿದ್ದುಹೋಗಿದ್ದಿತು. ಅಂದರೆ, ನೋಂದಣಿಯ ಬಾಗಿಲನ್ನು ಮುಚ್ಚಬೇಕಾದರೆ ಶಾಸನವೇ ಸ್ಪಷ್ಟವಾದ ಮಾತಿನಲ್ಲಿ ಮುಚ್ಚಬೇಕು. ಗುಮಾಸ್ತರ ಇಷ್ಟಾನಿಷ್ಟಗಳಿಗೆ ಅದನ್ನು ಬಿಡುವಂತಿಲ್ಲ.

ಮಂಜೂರಾದ ಭೂಮಿಗಳು ಕೈಬದಲಾಯಿಸಿದುದು ಈ ಸಂದಿನಲ್ಲಿಯೇ. ಸಾಗುವಳಿ ಚೀಟಿಯಲ್ಲಿದ್ದ ಷರತ್ತು ತಾಲ್ಲೂಕು ಕಛೇರಿಯ ಕಡತದಲ್ಲಿ ಉಳಿಯಿತು. ಕ್ರಯಪತ್ರವು ಅದೇ ಊರಿನ ಮತ್ತೊಂದು ಕಟ್ಟಡದಲ್ಲಿ ನೋಂದಣಿಯಾಯಿತು. ಒಂದು ಕಛೇರಿಯ ಎಡಗೈ ಕೊಟ್ಟುದನ್ನು ಇನ್ನೊಂದು ಕಛೇರಿಯ ಬಲಗೈ ಬಿಟ್ಟುಕೊಟ್ಟಿತು. ನಡುವೆ ಸರ್ಕಾರದ ಬೊಕ್ಕಸಕ್ಕೆ ಸ್ಟಾಂಪಿನ ಹಣವೂ ಶುಲ್ಕವೂ ಸೇರಿದವು. ಕ್ರಯವು ನ್ಯಾಯಬಾಹಿರವೆಂದು ಇಂದು ಹೇಳುವ ಸರ್ಕಾರವು, ಅಂದು ಅದರ ಮೇಲೆ ತಾನು ತೆಗೆದುಕೊಂಡ ಶುಲ್ಕದ ವಿಷಯದಲ್ಲಿ ಏನು ಹೇಳುತ್ತದೆಯೋ ನಾವು ಕಾಣೆವು.

೧೯೭೮ರ ಶಾಸನ

ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಈ ಅನ್ಯಾಯವನ್ನು ತಡೆಯಲೆಂದು ಕರ್ನಾಟಕದ ವಿಧಾನಮಂಡಲವು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳವರ ಕೆಲವು ಜಮೀನುಗಳ ವರ್ಗಾವಣೆಯನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಅದು ೧೯೭೮ರ ಶಾಸನವೆಂದು ಹೆಸರುಪಡೆದು, ೧೯೭೯ನೆಯ ಜನವರಿ ೧ರಿಂದ ಜಾರಿಗೆ ಬಂದಿತು. ಹಳ್ಳಿಯ ಜನರೂ ಇದನ್ನು ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳಿಂದ ‘ಪಿಟಿಸಿಎಲ್’ ಎಂದೇ ಕರೆಯುತ್ತಾರೆ.

ಇದರ ಬಿಗಿಯು ಅಸಾಧಾರಣವಾದುದು. ಮಂಜೂರಾತಿಯ ಷರತ್ತಿಗೆ ವಿರುದ್ಧವಾಗಿ ನಡೆದ ವರ್ಗಾವಣೆಯು, ಅದು ಶಾಸನವು ಜಾರಿಗೆ ಬರುವ ಮೊದಲೇ ನಡೆದಿರಲಿ, ಆಮೇಲೆ ನಡೆದಿರಲಿ, ಶೂನ್ಯವಾಗುತ್ತದೆ. ಅದರಿಂದ ಯಾವ ಹಕ್ಕೂ ಎಂದೂ ಹೋಗಿರಲಿಲ್ಲವೆಂದೇ ಎಣಿಸಬೇಕು. ಶಾಸನವು ಜಾರಿಗೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಇಂತಹ ಭೂಮಿಯನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕ್ರಯ ಮಾತ್ರವಲ್ಲ, ದಾನ, ವಿನಿಮಯ, ಅಡಮಾನ, ಗುತ್ತಿಗೆ, ಕೊನೆಗೆ ಕ್ರಯದ ಕರಾರು ಕೂಡ ‘ವರ್ಗಾವಣೆ’ ಎಂಬ ಶಬ್ದದೊಳಗೆ ಅಡಕವಾಗಿರುತ್ತವೆ. ಕುಟುಂಬದವರೊಳಗಿನ ವಿಭಾಗ ಮತ್ತು ಮರಣಶಾಸನ ಮಾತ್ರ ಹೊರಗುಳಿಯುತ್ತವೆ. ಡಿಕ್ರಿಯ ಜಾರಿಯಲ್ಲಿ ನಡೆಯುವ ಹರಾಜಿಗೂ ಇದೇ ನಿಯಮ. ಮಂಜೂರುದಾರನ ಅಥವಾ ಅವನ ವಾರಸುದಾರರ ಅರ್ಜಿಯ ಮೇಲಾಗಲಿ, ಯಾರಾದರೂ ಬರೆದು ತಿಳಿಸಿದುದರ ಮೇಲಾಗಲಿ, ತಾನಾಗಿಯೇ ಆಗಲಿ ಉಪವಿಭಾಗಾಧಿಕಾರಿಯು ವಿಚಾರಣೆ ನಡೆಯಿಸಿ, ಭೂಮಿಯನ್ನು ವಶಪಡಿಸಿಕೊಂಡು ಮೂಲದವನಿಗೆ ಮರಳಿ ಕೊಡತಕ್ಕುದು. ಹಾಗೆ ಕೊಡುವುದು ಸಾಧ್ಯವಿಲ್ಲದಿದ್ದರೆ ಅದು ಸರ್ಕಾರಕ್ಕೆ ಸೇರುತ್ತದೆ. ಆ ನಿರ್ಣಯದ ಮೇಲೆ ಜಿಲ್ಲಾಧಿಕಾರಿಯವರಿಗೆ ಅಪೀಲು ಹೋಗಲು ಆಮೇಲೆ ಅವಕಾಶ ಕಲ್ಪಿಸಲಾಯಿತು. ಮಂಜೂರಾದ ಭೂಮಿಯು ಬೇರೊಬ್ಬನ ಸ್ವಾಧೀನದಲ್ಲಿ ಕಂಡುಬಂದರೆ, ಅದು ಶೂನ್ಯವಾದ ವರ್ಗಾವಣೆಯಿಂದಲೇ ಅವನಿಗೆ ಬಂದಿತೆಂದು ಮೊದಲು ಊಹಿಸಬೇಕು. ಅಲ್ಲವೆಂದು ತೋರಿಸುವ ಭಾರವು ಅವನ ಮೇಲಿರುತ್ತದೆ.

ಕೊಂಡವರು ಸುಮ್ಮನಿರಲಿಲ್ಲ. ಹಿಂದೆ ನಡೆದ ಕ್ರಯಗಳನ್ನು ಪರಿಹಾರವಿಲ್ಲದೆ ಅಳಿಸಿಹಾಕುವುದು ಸಂವಿಧಾನಕ್ಕೆ ವಿರುದ್ಧವೆಂದು ವಾದಿಸಿದರು. ಸುಪ್ರೀಂ ಕೋರ್ಟು ೧೯೮೪ರ ಏಪ್ರಿಲಿನಲ್ಲಿ, ಮಂಚೇಗೌಡರ ಮೊಕದ್ದಮೆಯೆಂದು ಪ್ರಸಿದ್ಧವಾಗಿರುವ ತೀರ್ಪಿನಲ್ಲಿ, ಶಾಸನವನ್ನು ಎತ್ತಿಹಿಡಿಯಿತು. ಷರತ್ತನ್ನು ಮೀರಿ ಕೊಂಡವನ ಹಕ್ಕು ಮೊದಲಿನಿಂದಲೂ ರದ್ದಾಗಬಹುದಾದ ದುರ್ಬಲ ಹಕ್ಕಾಗಿದ್ದಿತು. ಅಂತಹುದನ್ನು ಶಾಸನವು ಕೊನೆಗಾಣಿಸಿದರೆ ಅವನು ದೂರುವಂತಿಲ್ಲ. ದುರ್ಬಲ ವರ್ಗಗಳನ್ನು ಶೋಷಣೆಯಿಂದ ರಕ್ಷಿಸುವುದು ರಾಜ್ಯದ ಕರ್ತವ್ಯ — ಇದು ಆ ತೀರ್ಪಿನ ತಿರುಳು. ಆದರೆ ಒಂದು ವಿನಾಯಿತಿಯನ್ನೂ ಅದು ಇಟ್ಟಿತು. ಶಾಸನವು ಜಾರಿಗೆ ಬರುವ ದಿನಕ್ಕೆ ಮೊದಲೇ ದೀರ್ಘಕಾಲದ ಪ್ರತಿಕೂಲ ಸ್ವಾಧೀನದಿಂದ ಹಕ್ಕನ್ನು ಪೂರ್ಣಗೊಳಿಸಿಕೊಂಡವರಿಗೆ ಶಾಸನವು ತಟ್ಟುವುದಿಲ್ಲ. ಆ ದೀರ್ಘಕಾಲವೆಂದರೆ ಎಷ್ಟು? ೧೯೯೪ರಲ್ಲಿ ಹುಚ್ಚೇಗೌಡರ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ದೊರಕಿತು: ಮಂಜೂರಾತಿಯಿಂದ ಪೂರ್ಣ ಒಡೆತನವೇ ಮಂಜೂರುದಾರನಿಗೆ ಹೋಗಿದ್ದರೆ ೧೨ ವರ್ಷ, ಒಡೆತನವು ಸರ್ಕಾರದಲ್ಲಿಯೇ ಉಳಿದಿದ್ದರೆ ೩೦ ವರ್ಷ.

ವ್ಯಾಜ್ಯಗಳ ಬೇರು

ಇಷ್ಟಾದ ಮೇಲೆ ವಿವಾದಗಳು ಮುಗಿಯಬೇಕಾಗಿದ್ದಿತು, ಮುಗಿಯಲಿಲ್ಲ. ಏಕೆಂದರೆ ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಅನೇಕ. ಭೂಮಿಯು ನಿಜವಾಗಿ ಮಂಜೂರಾದುದೇ, ಅಥವಾ ಹರಾಜಿನಲ್ಲಿ ಪೂರ್ಣ ಬೆಲೆ ಕೊಟ್ಟು ಕೊಂಡುದೇ? ಯಾವ ವರ್ಷದ ನಿಯಮದಂತೆ ಮಂಜೂರಾಯಿತು? ಆ ನಿಯಮದಲ್ಲಿ ನಿರ್ಬಂಧವು ಶಾಶ್ವತವೋ, ನಿಯತಕಾಲದ್ದೋ? ನಿಯತಕಾಲದ್ದಾಗಿದ್ದರೆ ಕ್ರಯವು ಅದು ಮುಗಿದ ಮೇಲೆ ನಡೆಯಿತೋ, ಮೊದಲೋ? ಮುಗಿದ ಮೇಲಾದರೂ ೧೯೭೯ರ ಹಿಂದೆಯೋ, ಮುಂದೆಯೋ? ಇವುಗಳಿಗೆ ಉತ್ತರವು ಮೂಲ ಮಂಜೂರಾತಿಯ ಹುಕುಮಿನಲ್ಲಿಯೂ ಸಾಗುವಳಿ ಚೀಟಿಯಲ್ಲಿಯೂ ಇರಬೇಕು. ಆದರೆ ಬಡವನ ಮನೆಯಲ್ಲಿ ಆ ಚೀಟಿಯನ್ನು ಗೆದ್ದಲು ತಿಂದಿರುತ್ತದೆ. ತಾಲ್ಲೂಕು ಕಛೇರಿಯಲ್ಲಿ ಕಡತವು ಸಿಕ್ಕುತ್ತಿಲ್ಲವೆಂಬ ಹಿಂಬರಹವು ಸಿಕ್ಕುತ್ತದೆ. ಕಾಗದವಿಲ್ಲದೆಡೆಯಲ್ಲಿ ಊಹೆಯ ಮೇಲೆ ಊಹೆ ಬೆಳೆದು, ಒಂದೇ ಬಗೆಯ ಎರಡು ಮೊಕದ್ದಮೆಗಳಿಗೆ ಎರಡು ಬಗೆಯ ನಿರ್ಣಯಗಳು ಬರುವುದುಂಟು.

ಇವೆಲ್ಲಕ್ಕಿಂತಲೂ ತೀವ್ರವಾದುದು ಕಾಲಹರಣದ ಪ್ರಶ್ನೆ. ಅರ್ಜಿಯನ್ನು ಇಂತಿಷ್ಟು ವರ್ಷಗಳೊಳಗೆ ಸಲ್ಲಿಸಬೇಕೆಂದು ಮೂಲ ಶಾಸನದಲ್ಲಿ ಹೇಳಿರಲಿಲ್ಲ. ಆದುದರಿಂದ ಕ್ರಯವಾಗಿ ಹಲವು ದಶಕಗಳಾದ ಮೇಲೆಯೂ ಅರ್ಜಿಗಳು ಬಂದವು. ೨೦೧೭ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿಯವರ ಮೊಕದ್ದಮೆಯಲ್ಲಿ, ಕಾಲಮಿತಿಯನ್ನು ಹೇಳದಿದ್ದರೂ ಅಧಿಕಾರವನ್ನು ಯುಕ್ತವಾದ ಕಾಲದೊಳಗೆ ಚಲಾಯಿಸಬೇಕೆಂದು ವಿಧಿಸಿ, ಸುಮಾರು ೨೫ ವರ್ಷ ತಡವಾಗಿ ಬಂದ ಅರ್ಜಿಯನ್ನು ನಿಲ್ಲತಕ್ಕುದಲ್ಲವೆಂದಿತು. ಈ ತೀರ್ಪಿನ ಆಧಾರದ ಮೇಲೆ ಮಂಜೂರುದಾರರ ಅನೇಕ ಮೊಕದ್ದಮೆಗಳು ಬಿದ್ದುಹೋದವು. ರಾಜ್ಯದಾದ್ಯಂತ ದಲಿತ ಸಂಘಟನೆಗಳು ಇದರ ವಿರುದ್ಧ ದನಿಯೆತ್ತಿದವು. ೨೦೨೩ರ ಜುಲೈಯಲ್ಲಿ ವಿಧಾನಮಂಡಲವು ಶಾಸನವನ್ನು ತಿದ್ದಿ, ಅದರ ಉಪಬಂಧಗಳನ್ನು ಬಳಸಲು ಯಾವ ಕಾಲಮಿತಿಯೂ ಇಲ್ಲವೆಂದೂ, ಕೋರ್ಟುಗಳಲ್ಲಿ ಆಗಲೇ ನಡೆಯುತ್ತಿರುವ ಮೊಕದ್ದಮೆಗಳಿಗೂ ಇದು ಅನ್ವಯಿಸುವುದೆಂದೂ ಸಾರಿತು. ಆದರೆ ೨೦೨೪ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು, ಕಾಲಮಿತಿ ಬೇರೆ, ಅನುಚಿತವಾದ ವಿಳಂಬ ಬೇರೆ. ತಿದ್ದುಪಡಿಯು ಮೊದಲನೆಯದನ್ನು ಮಾತ್ರ ತೆಗೆದಿದೆಯೆಂದು ಅಭಿಪ್ರಾಯಪಟ್ಟಿತು. ಶಾಸನಕರ್ತರು ಮುಚ್ಚಿದೆವೆಂದುಕೊಂಡ ಬಾಗಿಲು ಹೀಗೆ ಮತ್ತೆ ಅರೆತೆರೆಯಿತು.

ಇಬ್ಬರ ಅಳಲು

ಈ ವಿಷಯದಲ್ಲಿ ಒಂದು ಪಕ್ಷವನ್ನು ಹಿಡಿದು ಮಾತನಾಡುವುದು ಸುಲಭ. ಸತ್ಯವನ್ನು ಹೇಳುವುದು ಅಷ್ಟು ಸುಲಭವಲ್ಲ. “ಇಷ್ಟು ದಿನ ಏಕೆ ಸುಮ್ಮನಿದ್ದೆ?” ಎಂದು ಮಂಜೂರುದಾರನ ಮಗನನ್ನು ಕೇಳುವವರು, ಅವನು ಬೆಳೆದ ಬಗೆಯನ್ನು ನೆನೆಯಬೇಕು. ತಂದೆಯು ಯಾರಿಗೆ ಹೊಲವನ್ನು ಬರೆದುಕೊಟ್ಟನೋ, ಅವನ ಹೊಲದಲ್ಲಿಯೇ ಕೂಲಿಗೆ ಹೋಗಿ ಅನ್ನ ಕಂಡವನು ಅವನ ಮೇಲೆ ಅರ್ಜಿ ಬರೆಯಿಸುವುದು ಹೇಗೆ? ತನ್ನ ತಂದೆಯ ಹೆಸರಿನಲ್ಲಿ ಭೂಮಿಯಿದ್ದಿತೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಅಕ್ಷರ ಕಲಿತ ಮೊಮ್ಮಗನೊಬ್ಬನು ಹಳೆಯ ಪಹಣಿಯನ್ನು ತೆಗೆಯಿಸಿ ಓದಿದಾಗ ಆ ಸಂಗತಿಯು ಬೆಳಕಿಗೆ ಬರುತ್ತದೆ. ಅಂತಹವನ ವಿಳಂಬವನ್ನು, ಹಕ್ಕನ್ನು ಬಲ್ಲ ಪಟ್ಟಣದ ವರ್ತಕನ ವಿಳಂಬದ ತಕ್ಕಡಿಯಲ್ಲಿಯೇ ತೂಗುವುದು ನ್ಯಾಯವೆನಿಸದು. ಅಲ್ಲದೆ, ತಾನಾಗಿಯೇ ವಿಚಾರಣೆ ನಡೆಯಿಸುವ ಅಧಿಕಾರವು ೧೯೭೯ರಿಂದಲೂ ಉಪವಿಭಾಗಾಧಿಕಾರಿಗಿದ್ದಿತು. ಅವನು ಅದನ್ನು ಚಲಾಯಿಸದಿದ್ದುದಕ್ಕೆ ಬಡವನೇಕೆ ದಂಡ ತೆರಬೇಕು?

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕೊಂಡವರೆಲ್ಲರೂ ದರ್ಪದ ಸಾಹುಕಾರರಲ್ಲ. ಮೊದಲು ಕೊಂಡವನು ಎಲ್ಲವನ್ನೂ ಬಲ್ಲ ಪ್ರಬಲನಾಗಿದ್ದಿರಬಹುದು. ಆದರೆ ಅವನು ಅದನ್ನು ಎರಡನೆಯವನಿಗೆ, ಎರಡನೆಯವನು ಮೂರನೆಯವನಿಗೆ ಮಾರಿರುತ್ತಾನೆ. ಕೊನೆಯಲ್ಲಿ ನಿಂತವನು ಸೊಸೈಟಿಯ ಸಾಲ ತೆಗೆದು ಕೊಳವೆಬಾವಿ ತೋಡಿದ ಸಣ್ಣ ಒಕ್ಕಲಿಗನಾಗಿರಬಹುದು. ಪಟ್ಟಣದ ಅಂಚಿನಲ್ಲಾದರೆ, ಪಿಂಚಣಿಯ ಹಣದಿಂದ ನಿವೇಶನ ಕೊಂಡ ಉಪಾಧ್ಯಾಯನಾಗಿರಬಹುದು. ಅವನು ಋಣಭಾರ ಪತ್ರವನ್ನು ತೆಗೆಯಿಸಿ ನೋಡಿದ್ದಾನೆ. ಅದರಲ್ಲಿ ಹಿಂದಿನ ಕ್ರಯಗಳೆಲ್ಲವೂ ಇವೆ, ಷರತ್ತಿನ ಮಾತಿಲ್ಲ. ಖಾತೆಯೂ ಅವನ ಹೆಸರಿಗಾಗಿದೆ, ಕಂದಾಯವನ್ನೂ ಅವನೇ ಕಟ್ಟಿದ್ದಾನೆ. ಸರ್ಕಾರದ ಮೂರು ಕಛೇರಿಗಳು ಅವನ ಒಡೆತನಕ್ಕೆ ಸಾಕ್ಷಿ ಹೇಳಿವೆ. ನಾಲ್ಕನೆಯ ಕಛೇರಿಯು ಅವನನ್ನು ಒಕ್ಕಲೆಬ್ಬಿಸುತ್ತದೆ. ನೆರೆಯ ಆಂಧ್ರದ ೧೯೭೭ರ ಶಾಸನವು, ತಾನು ಜಾರಿಗೆ ಬರುವ ಮೊದಲೇ ಸದ್ಭಾವದಿಂದ ಬೆಲೆ ಕೊಟ್ಟು ಕೊಂಡ ಭೂಹೀನ ಬಡವನನ್ನು ರಕ್ಷಿಸಿದ್ದಿತು. ನಮ್ಮ ಶಾಸನದಲ್ಲಿ ಅಂತಹ ವಿಂಗಡಣೆಯಿಲ್ಲ.

ಇವರಿಬ್ಬರ ನಡುವೆ ಲಾಭ ಪಡೆಯುವ ಮೂರನೆಯವನೊಬ್ಬನು ಇರುತ್ತಾನೆ, ಅವನನ್ನು ಮರೆಯಬಾರದು. ಭೂಮಿಯ ಬೆಲೆಯು ಏರಿದ ಕಡೆಗಳಲ್ಲಿ, ಮಂಜೂರುದಾರನ ವಾರಸುದಾರರನ್ನು ಹುಡುಕಿ, ಅರ್ಜಿ ಹಾಕಿಸಿ, ಖರ್ಚನ್ನು ತಾನೇ ಹೊತ್ತು, ಭೂಮಿಯು ಮರಳಿ ಬಂದೊಡನೆ ಅದನ್ನು ತನ್ನ ಕಡೆಯವರಿಗೆ ಸೇರಿಸಿಕೊಳ್ಳಲು ಕಾದಿರುವ ದಲ್ಲಾಳಿಯೇ ಅವನು. ಅಲ್ಲಿ ಶಾಸನದ ಉದ್ದೇಶವೇ ತಲೆಕೆಳಗಾಗುತ್ತದೆ. ಬಡವನ ಹೆಸರು ಅರ್ಜಿಯಲ್ಲಿ ಉಳಿಯುತ್ತದೆ; ಬಡವನ ಪಾಲು ಉಳಿಯುವುದಿಲ್ಲ.

ಬಾಗಿಲಿನಲ್ಲಿ ಇಡಬೇಕಾದ ಪಟ್ಟಿ

ಹಾಗಾದರೆ ದೋಷವೆಲ್ಲಿದೆ? ನಮ್ಮ ದೃಷ್ಟಿಯಲ್ಲಿ ಅದು ಶಾಸನದ ಆರನೆಯ ಪ್ರಕರಣವನ್ನು ಅಲಕ್ಷ್ಯ ಮಾಡಿದುದರಲ್ಲಿದೆ. ನೋಂದಣಿ ಅಧಿಕಾರಿಗೆ ಒದಗಿಸಲ್ಪಟ್ಟ ಮಂಜೂರಾದ ಭೂಮಿಗಳ ಪಟ್ಟಿಯಲ್ಲಿ ಸೇರಿರುವ ಯಾವ ಭೂಮಿಯ ವರ್ಗಾವಣೆಯ ಪತ್ರವನ್ನೂ, ಶಾಸನಕ್ಕೆ ಅನುಸಾರವಾಗಿಲ್ಲದಿದ್ದರೆ, ಅವನು ನೋಂದಣಿಗೆ ಸ್ವೀಕರಿಸತಕ್ಕುದಲ್ಲ — ಇದು ಆ ಪ್ರಕರಣದ ತಾತ್ಪರ್ಯ. ಎಂತಹ ವಿವೇಕದ ಮಾತು! ಹಕ್ಕಿನ ವಿಚಾರಣೆಯನ್ನು ಗುಮಾಸ್ತನಿಗೆ ಒಪ್ಪಿಸಲಿಲ್ಲ. ಅವನ ಕೈಗೆ ಒಂದು ಪಟ್ಟಿಯನ್ನು ಕೊಟ್ಟು, ಇದನ್ನು ನೋಡಿ ಬಾಗಿಲು ಮುಚ್ಚು ಎಂದಿತು. ಆದರೆ ಬಾಗಿಲು ಮುಚ್ಚಬೇಕಾದರೆ ಪಟ್ಟಿಯು ಇರಬೇಕಲ್ಲವೆ? ಪಟ್ಟಿಯು ಪೂರ್ಣವಾಗಿರಬೇಕಲ್ಲವೆ? ಹಳೆಯ ಮಂಜೂರಾತಿಗಳಲ್ಲಿ ಬಹಳಷ್ಟು ಒಂದೇ ದೊಡ್ಡ ಸರ್ವೆ ನಂಬರಿನೊಳಗಿನ ತುಂಡುಗಳು. ಅಳತೆಯಾಗಿ ಪೋಡಿಯಾಗದ ಕಾರಣ, ಅದೇ ನಂಬರಿನಲ್ಲಿ ನಿರ್ಬಂಧವಿರುವ ಭೂಮಿಯೂ ಇಲ್ಲದ ಭೂಮಿಯೂ ಬೆರೆತಿರುತ್ತವೆ. ಪೋಡಿಯಾದ ಮೇಲೆ ನಂಬರು ಬದಲಾಗಿ, ಪಟ್ಟಿಯಲ್ಲಿರುವ ನಂಬರೇ ಬೇರೆ, ಪತ್ರದಲ್ಲಿರುವ ನಂಬರೇ ಬೇರೆಯಾಗುತ್ತದೆ. ಪಟ್ಟಿಯ ಕಣ್ಣು ತಪ್ಪಿಸಿದ ಪತ್ರವು ನೋಂದಣಿಯಾಗುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಉಪವಿಭಾಗಾಧಿಕಾರಿಯು ಎಚ್ಚರಗೊಳ್ಳುತ್ತಾನೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದೆಂದರೆ ಇದೇ.

ಪಟ್ಟಿಯು ಅಜಾಗರೂಕತೆಯಿಂದ ತಯಾರಾದರೆ ಇನ್ನೊಂದು ಕೇಡೂ ಉಂಟು. ಆಂಧ್ರದಲ್ಲಿ ೨೦೦೭ರಲ್ಲಿ ನೋಂದಣಿ ಕಾನೂನಿಗೆ ೨೨-ಎ ಎಂಬ ಪ್ರಕರಣವನ್ನು ಸೇರಿಸಿ, ನಿಷೇಧಿತ ಭೂಮಿಗಳ ಪಟ್ಟಿಗಳನ್ನು ನೋಂದಣಿ ಕಛೇರಿಗಳಿಗೆ ಕಳುಹಿಸುವ ಪದ್ಧತಿಯನ್ನು ಮಾಡಿದರು. ಖಾಸಗಿ ಪಟ್ಟಾದಾರರ ಭೂಮಿಗಳೂ ಆ ಪಟ್ಟಿಗಳೊಳಗೆ ಸೇರಿಹೋಗಿವೆಯೆಂದು ರಿಟ್ ಅರ್ಜಿಗಳ ಮಹಾಪೂರವೇ ಹರಿಯಿತು. ಕೊನೆಗೆ ೨೦೧೫ರ ಡಿಸೆಂಬರಿನಲ್ಲಿ ಹೈದರಾಬಾದಿನ ಹೈಕೋರ್ಟಿನ ಪೂರ್ಣಪೀಠವು, ಪಟ್ಟಿಗಳನ್ನು ಹೇಗೆ ಸಿದ್ಧಪಡಿಸಬೇಕು, ತಪ್ಪು ಸೇರ್ಪಡೆಯನ್ನು ಹೇಗೆ ತಿದ್ದಬೇಕು ಎಂಬುದಕ್ಕೆ ಮಾರ್ಗಸೂಚಿಗಳನ್ನು ಕೊಡಬೇಕಾಯಿತು. ಪಟ್ಟಿಯಿಲ್ಲದಿದ್ದರೆ ಮಂಜೂರುದಾರನಿಗೆ ನಷ್ಟ. ಪಟ್ಟಿಯು ತಪ್ಪಾಗಿದ್ದರೆ ನಿರ್ದೋಷಿಯಾದ ಒಡೆಯನಿಗೆ ನಷ್ಟ. ಆದುದರಿಂದ ಪಟ್ಟಿಯೆಂಬುದು ಗುಮಾಸ್ತರ ಮೇಜಿನ ಮೇಲಿನ ಸಾಮಾನ್ಯ ಕಾಗದವಲ್ಲ. ಸಹಸ್ರಾರು ಕುಟುಂಬಗಳ ಬಾಳು ಅದರ ಮೇಲೆ ನಿಂತಿದೆ.

ಅನುಮತಿಯ ತೊಡಕು

ಸರ್ಕಾರದ ಪೂರ್ವಾನುಮತಿಯೊಡನೆ ಮಾರಲು ಶಾಸನದಲ್ಲಿ ಅವಕಾಶವಿದೆಯೆಂದು ಹೇಳಿದೆವಷ್ಟೆ. ಕಷ್ಟದಲ್ಲಿರುವ ಮಂಜೂರುದಾರನಿಗೆ ಅದು ನಿಜವಾದ ಆಸರೆಯಾಗಬೇಕು. ಆದರೆ ಅನುಮತಿಯ ಅರ್ಜಿಯು ಗ್ರಾಮದಿಂದ ಹೊರಟು, ತಾಲ್ಲೂಕು, ಉಪವಿಭಾಗ, ಜಿಲ್ಲೆಗಳನ್ನು ದಾಟಿ ರಾಜಧಾನಿಯನ್ನು ಮುಟ್ಟಿ ಮರಳುವಷ್ಟರಲ್ಲಿ ಆಸ್ಪತ್ರೆಯಲ್ಲಿರುವ ರೋಗಿಯು ಕಾಯುವನೆ? ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ತಡವಾದಷ್ಟೂ ಅವನು ಅನುಮತಿಯಿಲ್ಲದೆ, ಬಿಳಿಯ ಕಾಗದದ ಮೇಲೆ ಕರಾರು ಬರೆದುಕೊಟ್ಟು, ಕಾಲು ಬೆಲೆಗೆ ಭೂಮಿಯನ್ನು ಬಿಟ್ಟುಕೊಡುತ್ತಾನೆ. ನೋಂದಣಿಯ ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಬಡವನ ಅವಸರವು ನಿಲ್ಲುವುದಿಲ್ಲ. ಅದು ಹಿತ್ತಲ ಬಾಗಿಲಿನಿಂದ ಹೋಗುತ್ತದೆ. ಇನ್ನೊಂದು ಕಡೆ, ಅನುಮತಿಯನ್ನು ವಿಚಾರವಿಲ್ಲದೆ ಕೊಡುತ್ತಹೋದರೆ ಅದೇ ಕೊಳ್ಳುವವನ ಕೈಯ ಸಾಧನವಾಗುತ್ತದೆ. ಮಾರುವವನ ಅಗತ್ಯವು ನಿಜವೇ, ಬೆಲೆಯು ಯೋಗ್ಯವೇ, ಮಾರಿದ ಮೇಲೆ ಕುಟುಂಬಕ್ಕೆ ಜೀವನೋಪಾಯವೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡೇ ಅನುಮತಿಯನ್ನು ಕೊಡಬೇಕು, ಇಲ್ಲವೆ ನಿರಾಕರಿಸಬೇಕು. ಎರಡನ್ನೂ ನಿಯತವಾದ ದಿನಗಳೊಳಗೆ ಮಾಡಬೇಕು.

ಆಗಬೇಕಾದುದು

ನಮ್ಮ ಸಲಹೆಗಳು ಹೊಸವೂ ಅಲ್ಲ, ಅಸಾಧ್ಯವೂ ಅಲ್ಲ. ಮೊದಲನೆಯದಾಗಿ, ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಮಂಜೂರಾತಿಯ ದಫ್ತರುಗಳನ್ನು ಗ್ರಾಮವಾರಾಗಿ ಶೋಧಿಸಿ, ಮಂಜೂರಾದ ಭೂಮಿಗಳ ಪಟ್ಟಿಯನ್ನು ಪೂರ್ಣಗೊಳಿಸಬೇಕು. ಅದನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಅಂಟಿಸಿ, ಆಕ್ಷೇಪಣೆಗಳನ್ನು ಕೇಳಿ, ಆಮೇಲೆ ನೋಂದಣಿ ಕಛೇರಿಗೆ ಒಪ್ಪಿಸಬೇಕು. ತಪ್ಪನ್ನು ತಿದ್ದುವ ಸುಲಭವಾದ ದಾರಿಯನ್ನೂ ಇಡಬೇಕು. ಎರಡನೆಯದಾಗಿ, ಪಹಣಿಯಲ್ಲಿ ಇತರ ಹಕ್ಕು ಮತ್ತು ಋಣಗಳನ್ನು ಬರೆಯುವ ಕಾಲಮಿನಲ್ಲಿಯೇ, ಈ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡತಕ್ಕುದಲ್ಲವೆಂದು ತಪ್ಪದೆ ನಮೂದಿಸಬೇಕು. ‘ಭೂಮಿ’ ಯೋಜನೆಯಿಂದ ಪಹಣಿಗಳೆಲ್ಲವೂ ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ, ಪೋಡಿಯಾದ ಪ್ರತಿಯೊಂದು ಹೊಸ ನಂಬರಿಗೂ ಆ ನಮೂದು ತಾನಾಗಿಯೇ ಹಿಂಬಾಲಿಸುವಂತೆ ಮಾಡುವುದು ದುಸ್ಸಾಧ್ಯವಲ್ಲ. ಮೂರನೆಯದಾಗಿ, ಉಪವಿಭಾಗಾಧಿಕಾರಿಯು ಅರ್ಜಿಗಾಗಿ ಕಾಯದೆ ತನ್ನ ಸ್ವಂತ ಅಧಿಕಾರವನ್ನು ಚಲಾಯಿಸಬೇಕು. ವಿಳಂಬದ ವಾದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವು ಯಾವ ತಿದ್ದುಪಡಿಯಲ್ಲಿಯೂ ಸಿಕ್ಕದು. ನಾಲ್ಕನೆಯದಾಗಿ, ಮರಳಿ ಬಂದ ಭೂಮಿಯಲ್ಲಿ ಮಂಜೂರುದಾರನು ನಿಜವಾಗಿ ಸಾಗುವಳಿ ಮಾಡುತ್ತಿದ್ದಾನೆಯೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಅವನಿಗೆ ಬೀಜಕ್ಕೂ ಬಾವಿಗೂ ಸಹಕಾರ ಸಂಘದ ಸಾಲವು ಸಕಾಲದಲ್ಲಿ ದೊರೆಯಬೇಕು. ಸಾಲವಿಲ್ಲದೆ ಭೂಮಿಯನ್ನು ಮಾತ್ರ ಮರಳಿಸುವುದು, ಹಳೆಯ ಕಥೆಯನ್ನು ಮೊದಲ ಪುಟದಿಂದ ಮತ್ತೆ ಓದಿದಂತೆ.

ಭೂಮಿ ಕೊಳ್ಳುವ ಮಹನೀಯರಿಗೂ ಒಂದು ಮಾತು. ಋಣಭಾರ ಪತ್ರವನ್ನು ನೋಡಿದರೆ ಸಾಲದು. ಭ��ಮಿಯು ಮಾರುವವನ ಪೂರ್ವಿಕರಿಗೆ ಹೇಗೆ ಬಂದಿತೆಂಬುದನ್ನು ಮೂಲದವರೆಗೂ ವಿಚಾರಿಸಬೇಕು. ಹಳೆಯ ಪಹಣಿಗಳಲ್ಲಿ ಸರ್ಕಾರದ ಹೆಸರು ಇದ್ದಿತೇ, ಸಾಗುವಳಿ ಚೀಟಿಯಿದೆಯೇ, ಅದರಲ್ಲಿ ಯಾವ ಷರತ್ತಿದೆ ಎಂಬುದನ್ನು ಕಣ್ಣಾರೆ ಓದಬೇಕು. ತಾಲ್ಲೂಕು ಕಛೇರಿಯಿಂದ ಲಿಖಿತ ಹಿಂಬರಹವನ್ನು ಪಡೆಯಬೇಕು. ಅಗ್ಗವಾಗಿ ಸಿಕ್ಕುವ ಭೂಮಿಯು ಏಕೆ ಅಗ್ಗವೆಂದು ಕೇಳದವನು, ಆಮೇಲೆ ಸದ್ಭಾವದ ಹೆಸರನ್ನು ಹೇಳಿದರೆ ನಂಬುವವರು ವಿರಳ.

ರಾಜ್ಯವು ಭೂಹೀನನಿಗೆ ಭೂಮಿಯನ್ನು ಕೊಟ್ಟುದು ದಾನವಲ್ಲ. ತಲೆತಲಾಂತರಗಳಿಂದ ಅವನಿಗೆ ತಪ್ಪಿಸಿದುದರಲ್ಲಿ ಒಂದಂಶವನ್ನು ಹಿಂದಿರುಗಿಸಿದ ಋಣಪರಿಹಾರ. ಆ ಋಣವು ಸಾಗುವಳಿ ಚೀಟಿಯನ್ನು ಬರೆದ ದಿನವೇ ತೀರಿಹೋಯಿತೆಂದು ಅಧಿಕಾರಿಗಳು ತಿಳಿಯಬಾರದು. ಕೊಟ್ಟ ಭೂಮಿಯು ಅವನ ಕೈಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದೂ, ಉಳಿಯದೆಹೋದಾಗ ತಿಳಿಯದೆ ಕೊಂಡ ಇನ್ನೊಬ್ಬ ಬಡವನು ಬಲಿಯಾಗದಂತೆ ಮೊದಲೇ ಬಾಗಿಲಿನಲ್ಲಿ ತಡೆಯುವುದೂ ಅದೇ ಋಣದ ಭಾಗಗಳು. ನ್ಯಾಯಸ್ಥಾನಗಳು ಮುರಿದುದನ್ನು ಜೋಡಿಸಲು ಯತ್ನಿಸಬಹುದು. ಮುರಿಯದಂತೆ ಕಾಯಬೇಕಾದವರು ಕಛೇರಿಯವರು. ಒಂದು ಪಟ್ಟಿ, ಪಹಣಿಯಲ್ಲಿ ಒಂದು ಸಾಲು, ನಿಯತ ಕಾಲದೊಳಗೆ ಒಂದು ಉತ್ತರ — ಇಷ್ಟನ್ನು ನಮ್ಮ ಸರ್ಕಾರವು ಮಾಡಿತೆಂದರೆ, ಎಷ್ಟೋ ಮನೆಗಳ ಎರಡು ತಲೆಮಾರುಗಳ ದುಡಿಮೆಯು ಕೋರ್ಟಿನ ಮೆಟ್ಟಿಲುಗಳ ಮೇಲೆ ಸವೆಯುವುದು ತಪ್ಪುತ್ತದೆ. ಇಷ್ಟನ್ನಾದರೂ ಕೇಳುವ ಅಧಿಕಾರವು ಪ್ರಜೆಗಳಿಗಿದೆ. ಮಾಡುವ ಹೊಣೆಯು ಅಧಿಕಾರದಲ್ಲಿರುವವರದು.